ಹದಿಹರೆಯದ ಮಕ್ಕಳು ತಮ್ಮನ್ನು ತಾವು ಅರಿಯಲು ಶಿಕ್ಷಕರು ಏನು ಮಾಡಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ರಾಯಚೂರು ಜಿಲ್ಲೆಯ ಮಸ್ಕಿ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಎಂಟು, ಒಂಬತ್ತು, ಹತ್ತನೇ ತರಗತಿ. ತರಬೇತಿಯಲ್ಲಿ, ಬಸ್ಸಿನಲ್ಲಿ, ಪೇಪರ್ ತಿದ್ದುವ ಕ್ಯಾಂಪಿನಲ್ಲಿ ಬೇರೆ ಶಾಲೆಯವರು ಸಿಕ್ಕಾಗೆಲ್ಲ ಮಾತು ಸುತ್ತಿ ಸುತ್ತಿ ಇಲ್ಲಿಗೇ ಬರುತ್ತದೆ: "ಈ ಮಕ್ಕಳಿಗೆ ತಮಗೇನಾಗಿದೆ ಅಂತ ತಮಗೇ ಗೊತ್ತಿಲ್ಲ, ನಾವು ಏನು ಮಾಡೋದು?" ಅವರು ಕೇಳಿದ್ದು, ನಾನು ಹೇಳಿದ್ದು, ಆಮೇಲೆ ನನಗೆ ಹೊಳೆದದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ.

ಸ್ವಅರಿವು ಅಂದರೆ ಸರಳವಾಗಿ ಏನು?

ನನಗೆ ಈಗ ಏನಾಗುತ್ತಿದೆ, ಈ ಸಿಟ್ಟು ಎಲ್ಲಿಂದ ಬಂತು, ನನಗೆ ಯಾವುದು ಸಲೀಸು, ಯಾವುದು ಕಷ್ಟ, ನನಗೆ ಏನು ಬೇಕು, ನಾನು ಆಡಿದ ಮಾತು ಎದುರಿಗಿದ್ದವರಿಗೆ ಹೇಗೆ ತಾಗಿತು. ಇಷ್ಟನ್ನು ಗಮನಿಸೋಕೆ ಬಂದರೆ ಅದೇ ಸ್ವಅರಿವು. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಪಟ್ಟಿ ಮಾಡಿದ 10 ಜೀವನ ಕೌಶಲಗಳಲ್ಲಿ ಇದೂ ಒಂದು. ನನ್ನ ಪ್ರಕಾರ ಉಳಿದ ಒಂಬತ್ತಕ್ಕೂ ಇದೇ ಬುನಾದಿ. ತನಗೆ ಅಂಜಿಕೆ ಆಗಿದೆ ಅಂತ ಗೊತ್ತೇ ಇಲ್ಲದ ಮಗು ಸಹಾಯ ಕೇಳೋದಾದರೂ ಹೇಗೆ?

ಆತ್ಮವಿಶ್ವಾಸ ಬೇರೆ, ಇದು ಬೇರೆ. ಆಗಸ್ಟ್ ಹದಿನೈದಕ್ಕೆ ಪಟಪಟ ಅಂತ ಭಾಷಣ ಮಾಡುವ ಹುಡುಗಿಗೆ ತನ್ನ ಮನಸ್ಸು ಗೊತ್ತಿಲ್ಲದೆ ಇರಬಹುದು. ಮೂಲೆಯಲ್ಲಿ ಸುಮ್ನೆ ಕೂತವಳಿಗೆ ಚೆನ್ನಾಗಿ ಗೊತ್ತಿರಬಹುದು.

ಈ ವಯಸ್ಸಿನಲ್ಲೇ ಇದಕ್ಕೆ ಇಷ್ಟು ಒತ್ತು ಯಾಕೆ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10ರಿಂದ 19 ವರ್ಷ ಹದಿಹರೆಯ. ಮೈ ಬದಲಾಗುತ್ತದೆ, ದನಿ ಒಡೆಯುತ್ತದೆ. ಮಿದುಳಿನಲ್ಲಿ ಭಾವನೆಗೆ ಸಂಬಂಧಪಟ್ಟ ಭಾಗಗಳು ಬೇಗ ಚುರುಕಾಗುತ್ತವೆ. ಯೋಚಿಸಿ ತಡೆಯುವ, ಮುಂದಾಗೋದನ್ನು ಅಳೆಯುವ ಭಾಗ ಹಣೆಯ ಹಿಂದೆ ಇದೆ. ಅದು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಎತ್ತು ಆಗಲೇ ಓಡುತ್ತಿದೆ, ಮೂಗುದಾರ ಇನ್ನೂ ಹೊಸೆಯುತ್ತಿದ್ದಾರೆ ಅನ್ನೋ ಹಾಗೆ.

ಇನ್ನೊಂದು ಮಾತು. ಡೇವಿಡ್ ಎಲ್ಕೈಂಡ್ ಅನ್ನುವ ಮನೋವಿಜ್ಞಾನಿ 1967ರಲ್ಲೇ ಬರೆದಿದ್ದರು: ಈ ವಯಸ್ಸಿನವರಿಗೆ ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ, ಸುತ್ತ ಯಾವಾಗಲೂ ಕಾಣದ ಪ್ರೇಕ್ಷಕರು ಇದ್ದ ಹಾಗೆ. ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಸಂಧಿ ಬಿಡಿಸೋದರಲ್ಲಿ ಅವಳಷ್ಟು ಚುರುಕು ಯಾರೂ ಇರಲಿಲ್ಲ. ಬೋರ್ಡಿಗೆ ಬಾ ಅಂದರೆ ಮಾತ್ರ ಏಳುತ್ತಿರಲಿಲ್ಲ. ಹಟ ಅಂದುಕೊಂಡು ಎರಡು ಸಲ ಬೈದೆ. ಆಮೇಲೆ ಒಂದು ದಿನ ನೋಡಿದರೆ, ಚಪ್ಪಲಿಯ ಉಂಗುಷ್ಠ ಕಿತ್ತು ಹೋಗಿ ಪಿನ್ನು ಹಾಕಿಕೊಂಡಿದ್ದಳು. ನಲವತ್ತು ಜೋಡಿ ಕಣ್ಣು ಆ ಪಿನ್ನನ್ನೇ ನೋಡುತ್ತವೆ ಅಂತ ಅವಳ ಲೆಕ್ಕ. ನಮಗೆ ಅದು ಸಣ್ಣದು, ಅವಳಿಗೆ ಅಲ್ಲ.

ಸಿಲಬಸ್ ಮುಗಿಸೋಕೇ ಟೈಮ್ ಇಲ್ಲ. ಇದನ್ನು ಯಾವಾಗ ಮಾಡೋದು?

ಬೇರೆ ಪೀರಿಯಡ್ ಬೇಡ. ಹಾಜರಿ ಕರೆಯುವಾಗ "ಎಸ್ ಟೀಚರ್" ಬದಲು ಇವತ್ತಿನ ಮನಸ್ಸನ್ನು ಒಂದು ಪದದಲ್ಲಿ ಹೇಳಲಿ. ಬೇಡ ಅನ್ನಿಸಿದವರು "ಇದ್ದೀನಿ" ಅಂದರೂ ಸಾಕು. ಪಾಠದಲ್ಲಿ ಬರುವ ಪಾತ್ರದ ಬಗ್ಗೆ ಕೇಳುವಾಗ "ನೀನಾಗಿದ್ದರೆ?" ಅನ್ನೋ ಒಂದು ಪ್ರಶ್ನೆ ಸೇರಿಸಿ. ಟೆಸ್ಟ್ ಪೇಪರ್ ವಾಪಸ್ ಕೊಡುವ ಮುಂಚೆ ಎಷ್ಟು ಬರಬಹುದು ಅಂತ ಅವರೇ ಊಹಿಸಿ ಬರೆಯಲಿ. ಊಹೆಗೂ ಬಂದ ಅಂಕಕ್ಕೂ ಎಷ್ಟು ದೂರ ಅಂತ ನೋಡಿಕೊಳ್ಳೋದರಲ್ಲೇ ಅರ್ಧ ಪಾಠ ಇದೆ. ಹತ್ತನೇ ತರಗತಿಯವರಿಗೆ ಇದು ಇನ್ನೂ ಬೇಕು. ಎಲ್ಲ ಬರುತ್ತದೆ ಅಂದುಕೊಂಡವರೂ, ಏನೂ ಬರಲ್ಲ ಅಂದುಕೊಂಡವರೂ ಒಂದೇ ತರಹ ಎಡವುತ್ತಾರೆ.

ಎಲ್ಲಿಂದ ಶುರು ಮಾಡಲಿ?

ಪದಗಳಿಂದ. ಕನ್ನಡ ಟೀಚರ್ ಆದ್ದರಿಂದ ಹೀಗೆ ಹೇಳುತ್ತೇನೆ ಅಂದುಕೊಳ್ಳಬೇಡಿ. ಗಣಿತದವರೂ ಇಲ್ಲಿಂದಲೇ ಶುರು ಮಾಡಬಹುದು.

ನಮ್ಮ ಮಕ್ಕಳನ್ನು ಹೇಗಿದ್ದೀರಿ ಅಂತ ಕೇಳಿ ನೋಡಿ. ಎರಡೇ ಉತ್ತರ. "ಚಲೋ ಅದೀನ್ರಿ", ಇಲ್ಲಾಂದ್ರೆ "ಬ್ಯಾಸರ ಆಗೈತ್ರಿ". ಅವ್ವ ಗುಳೆ ಹೋದಳು, ಬ್ಯಾಸರ. ಗೆಳತಿ ಮಾತು ಬಿಟ್ಟಳು, ಬ್ಯಾಸರ. ಅಂಕ ಕಡಿಮೆ ಬಂತು, ಬ್ಯಾಸರ. ಮುಂಜಾನೆ ಏನೂ ತಿಂದಿಲ್ಲ, ಅದಕ್ಕೂ ಬ್ಯಾಸರ. ಒಂದೇ ಚೀಲದಲ್ಲಿ ಎಲ್ಲ ತುಂಬಿಟ್ಟರೆ ಬೇಕಾದ್ದು ಕೈಗೆ ಸಿಗುತ್ತಾ? ಅದಕ್ಕೆ ಚೀಲ ಬಿಚ್ಚಬೇಕು.

ನಾನು ಗೋಡೆಗೆ ಒಂದು ಚಾರ್ಟ್ ಹಚ್ಚಿದ್ದೇನೆ. ಅದರಲ್ಲಿ ಅಂಜಿಕೆ, ಕಸಿವಿಸಿ, ತಳಮಳ, ಮುಜುಗರ, ಮುನಿಸು, ಹೊಟ್ಟೆಕಿಚ್ಚು, ಸಂಕಟ, ಹಳಹಳಿ, ಹುರುಪು, ಹಿಗ್ಗು, ನಿರಾಳ ಅಂತೆಲ್ಲ ಇದೆ. ದಿನಾ ಒಂದು ಪದ ತಗೊಂಡು ಎರಡು ನಿಮಿಷ ಮಾತಾಡುತ್ತೇವೆ. ಸಿಟ್ಟಿಗೂ ಮುನಿಸಿಗೂ ಏನು ವ್ಯತ್ಯಾಸ ಅಂತ ಕೇಳಿದಾಗ ಎಂಟನೇ ತರಗತಿಯ ಹುಡುಗನೊಬ್ಬ ಹೇಳಿದ: "ಸಿಟ್ಟು ಯಾರ ಮ್ಯಾಲ ಬೇಕಾದ್ರೂ ಬರ್ತೈತ್ರಿ. ಮುನಿಸು ನಮ್ಮೋರ ಮ್ಯಾಲ ಅಷ್ಟ ಬರ್ತೈತ್ರಿ." ಇಷ್ಟು ಚೆನ್ನಾಗಿ ನಿಘಂಟೂ ಹೇಳಲ್ಲ.

ಮನೆಯಿಂದಲೂ ಪದ ತರೋಕೆ ಹೇಳಿ. ಅಜ್ಜಿಯರ ಹತ್ತಿರ ರಾಶಿ ಇವೆ. ತಾಂಡಾದ ಮಕ್ಕಳು ಲಂಬಾಣಿಯಲ್ಲಿ ಹೇಳಲಿ, ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಕ್ಯಾಂಪಿನ ಮಕ್ಕಳು ತೆಲುಗಿನಲ್ಲಿ, ಇನ್ನು ಕೆಲವರು ಉರ್ದುವಿನಲ್ಲಿ. ನಮ್ಮ "ದಿಗಿಲು" ಅಂದರೆ ಭಯ. ತೆಲುಗಿನ "ದಿಗುಲು" ಚಿಂತೆ, ಕೊರಗಿನ ಕಡೆ ವಾಲುತ್ತದೆ. ಇಂಥದ್ದು ಸಿಕ್ಕಾಗ ಇಡೀ ತರಗತಿ ಕಿವಿ ನಿಮಿರಿಸುತ್ತದೆ. ಮನೆಮಾತಿಗೆ ತರಗತಿಯಲ್ಲಿ ಜಾಗ ಸಿಕ್ಕರೆ ಅದನ್ನಾಡುವ ಮಗುವಿಗೂ ಜಾಗ ಸಿಕ್ಕ ಹಾಗೆ.

ಪದ ಸಿಗದಿದ್ದರೆ ಮೈ ಏನು ಹೇಳುತ್ತದೆ ಕೇಳಿ. "ಎದಿ ಡವಡವ ಅಂತು", "ಗಂಟಲು ಉಬ್ಬಿ ಬಂತು", "ಹೊಟ್ಟ್ಯಾಗ ಕಿವುಚಿದಂಗಾತು". ಇವೆಲ್ಲ ಅವರಿಗೆ ಆಗಲೇ ಗೊತ್ತು. ಭಾವನೆಗೆ ಹೆಸರು ಕೊಟ್ಟರೆ ಅದರ ಕಾವು ಸ್ವಲ್ಪ ಇಳಿಯುತ್ತದೆ ಅಂತ ಮಿದುಳಿನ ಅಧ್ಯಯನಗಳೂ ಹೇಳುತ್ತವೆ.

ಒಂದು ಮಧ್ಯಾಹ್ನ ಬಿಸಿಯೂಟ ಆದ ಮೇಲೆ ಒಬ್ಬ ಹುಡುಗಿ ಒಳಗೆ ಬಂದು ಚಾರ್ಟಿನ ಮುಂದೆ ನಿಂತಳು. ಬಹಳ ಹೊತ್ತು ನಿಂತಿದ್ದಳು. ಕೈ ಇನ್ನೂ ಒದ್ದೆ ಇತ್ತು. ಹಾಗೇ ಬೆರಳಿಟ್ಟು, "ಟೀಚರ್, ನಂದು ಇದ್ರಿ" ಅಂದಳು. ಹಳಹಳಿ. ಅಜ್ಜಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ತೀರಿಕೊಳ್ಳುವ ಹಿಂದಿನ ದಿನ ನೀರು ತರೋ ವಿಷಯಕ್ಕೆ ಇವಳು ಅಜ್ಜಿ ಜೊತೆ ಜಗಳ ಮಾಡಿದ್ದಳು. ನಾಲ್ಕು ತಿಂಗಳೂ ಎಲ್ಲರಿಗೂ "ಬ್ಯಾಸರ" ಅಂತಲೇ ಹೇಳಿದ್ದಳು. ಚಾರ್ಟಿನ ಆ ಪದದ ಮೇಲೆ ನೀರಿನ ಕಲೆ ಈಗಲೂ ಇದೆ.

ಮಕ್ಕಳು ಬಾಯಿಯೇ ಬಿಡಲ್ಲ. ಏನು ಮಾಡಲಿ?

ಎದುರು ಕೂರಿಸಿಕೊಂಡು "ಹೇಳು, ಏನಾಯ್ತು?" ಅಂದರೆ ಯಾರೂ ಹೇಳಲ್ಲ. ಅದು ವಿಚಾರಣೆ ಆಗುತ್ತದೆ. ಕೆಲಸದ ನಡುವೆ ಕೇಳಿ. ಗಿಡಕ್ಕೆ ನೀರು ಹಾಕುವಾಗ, ಲೈಬ್ರರಿ ಪುಸ್ತಕ ಜೋಡಿಸುವಾಗ, ಬಸ್ ಸ್ಟಾಪಿಗೆ ಜೊತೆಗೆ ನಡೆಯುವಾಗ. ಕಣ್ಣು ಬೇರೆ ಕಡೆ ಇದ್ದರೆ ಬಾಯಿ ಸಡಿಲವಾಗುತ್ತದೆ.

"ಯಾಕೆ" ಕಡಿಮೆ ಮಾಡಿ, "ಏನು" ಜಾಸ್ತಿ ಮಾಡಿ. "ಯಾಕೆ ಹೊಡೆದೆ?" ಅಂದರೆ ನೆಪ ಬರುತ್ತದೆ. "ಹೊಡೆಯೋ ಮುಂಚೆ ಏನಾಯ್ತು ತಮ್ಮಾ?" ಅಂದರೆ ಕಥೆ ಬರುತ್ತದೆ. ಆಮೇಲೆ ಕಾಯಬೇಕು. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ನಮಗೆ ಸುಮ್ಮನಿರೋದು ಎಷ್ಟು ಕಷ್ಟ ಅಂತ ಆಗ ಗೊತ್ತಾಗುತ್ತದೆ.

ಡೈರಿ ಬರೆಸಬಹುದಾ? ಅದನ್ನು ನಾವು ಓದಬಹುದಾ?

ಬರೆಸಿ. ಓದುವ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಇಲ್ಲಿ ನಾನು ದೊಡ್ಡ ತಪ್ಪು ಮಾಡಿದ್ದೇನೆ. ತುಂಬಾ ವರ್ಷದ ಹಿಂದೆ ಒಬ್ಬ ಹುಡುಗ ತನ್ನ ಅಪ್ಪನ ಬಗ್ಗೆ ಒಂದು ಪುಟ ಬರೆದಿದ್ದ. ಅಷ್ಟು ಚೆಂದದ ಕನ್ನಡ. ಖುಷಿಯಿಂದ ತರಗತಿಗೆಲ್ಲ ಓದಿ ಹೇಳಿದೆ, ಹೆಸರು ಹೇಳಲಿಲ್ಲ. ಆದರೆ ಒಂದೇ ಊರಿನ ಮಕ್ಕಳು, ಯಾರ ಅಪ್ಪ ಅಂತ ಗೊತ್ತಾಗದೆ ಇರುತ್ತಾ? ಅವನು ತಲೆ ಬಗ್ಗಿಸಿ ಡೆಸ್ಕಿನ ಮೇಲೆ ಉಗುರಿನಿಂದ ಗೀಚುತ್ತಾ ಕೂತಿದ್ದ. ಮುಂದೆ ವರ್ಷವಿಡೀ ಅವನ ಡೈರಿಯಲ್ಲಿ ಒಂದೇ ವಾಕ್ಯ: "ಇವತ್ತು ಏನೂ ಆಗಲಿಲ್ಲ." ಅವನ ಹತ್ತಿರ ಹೋಗಿ ತಪ್ಪಾಯಿತು ಅಂದೆ. "ಇರ್ಲಿ ಬಿಡ್ರಿ ಟೀಚರ್" ಅಂದ. ಅವನ ಮನಸ್ಸು ಮಾತ್ರ ಮತ್ತೆ ತೆರೆಯಲಿಲ್ಲ.

ಆಗಿನಿಂದ ನನ್ನ ನಿಯಮ ಒಂದೇ. ಓದಬಹುದು ಅನ್ನೋ ಪುಟ ತೆರೆದಿರಲಿ, ಬೇಡ ಅನ್ನೋ ಪುಟ ಮಡಚಿರಲಿ. ಮಡಚಿದ್ದನ್ನು ನಾನು ಮುಟ್ಟಲ್ಲ. ಕಾಗುಣಿತ ತಿದ್ದಲ್ಲ, ಅಂಕವನ್ನೂ ಕೊಡಲ್ಲ. ಮೊದಲ ತಿಂಗಳು ಎಲ್ಲರೂ ಎಲ್ಲ ಪುಟ ಮಡಚುತ್ತಾರೆ. ಆಮೇಲೆ ಒಂದೊಂದೇ ಬಿಚ್ಚುತ್ತದೆ.

"ದಡ್ಡ", "ಉಡಾಳ" ಅಂತ ಹೆಸರಾದ ಮಕ್ಕಳನ್ನು ಹೇಗೆ ನೋಡಬೇಕು?

ಮೊದಲು ನಾವು ಹಾಗೆ ಕರೆಯೋದನ್ನು ನಿಲ್ಲಿಸಬೇಕು. ಸ್ಟಾಫ್ ರೂಮಿನಲ್ಲೂ ಸಹ. ಎಂಟನೇ ತರಗತಿವರೆಗಿನ ಮಕ್ಕಳಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯೋದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾಯ್ದೆ ಇರಲಿ ಬಿಡಲಿ, ದಿನಾ ಕೇಳಿದ ಹೆಸರನ್ನು ಮಗು ನಂಬಿಬಿಡುತ್ತದೆ. ಆಮೇಲೆ ತನ್ನೊಳಗೆ ಇಣುಕಿ ನೋಡೋದನ್ನೇ ಬಿಟ್ಟುಬಿಡುತ್ತದೆ.

ಇದನ್ನು ಮಕ್ಕಳ ಜೊತೆ ಮಾತಾಡೋಕೆ ನಮ್ಮ ಊರಿನಲ್ಲೇ ಒಂದು ಬಂಡೆ ಇದೆ. ಮಸ್ಕಿಯ ಶಾಸನ 1915ರಲ್ಲಿ ಬೆಳಕಿಗೆ ಬಂತು. ಅಲ್ಲಿವರೆಗೆ ಓದಿದ್ದ ಶಾಸನಗಳಲ್ಲಿ ರಾಜನಿಗೆ "ದೇವಾನಾಂಪ್ರಿಯ", "ಪ್ರಿಯದರ್ಶಿ" ಅನ್ನೋ ಬಿರುದುಗಳೇ ಇದ್ದವು. ಮಸ್ಕಿಯ ಕಲ್ಲಿನಲ್ಲಿ "ಅಶೋಕ" ಅಂತ ಹೆಸರೇ ಸಿಕ್ಕಿತು. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಒಂದು ಕೆಲಸ ಕೊಡುತ್ತೇನೆ. ಹಾಳೆಯ ಒಂದು ಬದಿಗೆ ಜನ ನಿಮ್ಮನ್ನು ಏನೇನು ಕರೆಯುತ್ತಾರೆ ಬರೆಯಿರಿ: ಅಡ್ಡಹೆಸರು, ಬೈಗುಳ, ಹೊಗಳಿಕೆ ಎಲ್ಲ. ಇನ್ನೊಂದು ಬದಿಗೆ ನಿಮಗೆ ನೀವು ಏನು ಅಂತ ಬರೆಯಿರಿ. ಮೊದಲ ಬದಿ ಐದು ನಿಮಿಷದಲ್ಲಿ ತುಂಬುತ್ತದೆ. ಎರಡನೆಯದಕ್ಕೆ ಪೆನ್ನು ಬಾಯಲ್ಲಿಟ್ಟುಕೊಂಡು ಗುಡ್ಡ ನೋಡುತ್ತಾ ಕೂರುತ್ತಾರೆ. ಹಾಗೆ ಕೂರಲಿ ಅಂತಲೇ ಕರೆದುಕೊಂಡು ಹೋಗೋದು. ಕೊಪ್ಪಳದವರಿಗೆ ಅಶೋಕನದ್ದೇ ಆದ ಗವಿಮಠ, ಪಾಲ್ಕಿಗುಂಡು ಶಾಸನಗಳು ಹತ್ತಿರದಲ್ಲೇ ಇವೆ, ಅಲ್ಲೂ ಇದನ್ನು ಮಾಡಬಹುದು.

ಬೇರೆಯವರ ಕಣ್ಣಿಗೆ ತಾವು ಹೇಗೆ ಕಾಣುತ್ತೇವೆ ಅಂತ ತಿಳಿಸೋದು ಹೇಗೆ?

1955ರಲ್ಲಿ ಜೋಸೆಫ್ ಲಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಅನ್ನೋ ಮನೋವಿಜ್ಞಾನಿಗಳು ಮಾಡಿದ ಜೋಹರಿ ಕಿಟಕಿ ಇದಕ್ಕೆ ಒಳ್ಳೆಯದು. ನಾಲ್ಕು ಚೌಕ: ನನಗೂ ಗೊತ್ತು ಅವರಿಗೂ ಗೊತ್ತು, ನನಗೆ ಮಾತ್ರ ಗೊತ್ತು, ಅವರಿಗೆ ಮಾತ್ರ ಗೊತ್ತು, ಯಾರಿಗೂ ಇನ್ನೂ ಗೊತ್ತಿಲ್ಲ. ಮೂರನೇ ಚೌಕ ತುಂಬೋಕೆ ಗೆಳೆಯರು ಬೇಕು. ಗೆಳೆಯರು ಬರೆಯುವ ಚೀಟಿಯಲ್ಲಿ ಒಳ್ಳೆಯದು ಮಾತ್ರ ಇರಲಿ, ಮೊದಲು ನೀವೇ ಓದಿ ನಂತರ ಕೊಡಿ. ಒಂದು ಕೆಟ್ಟ ಚೀಟಿ ಸಾಕು, ಇಡೀ ಆಟ ಹಾಳಾಗೋಕೆ.

ಗುಳೆ ಹೋಗಿ ತಿಂಗಳಾನುಗಟ್ಟಲೆ ಆದ ಮೇಲೆ ಬರುವ ಮಕ್ಕಳ ಜೊತೆ?

ಲಿಂಗಸುಗೂರು, ದೇವದುರ್ಗ, ಕುಷ್ಟಗಿ ಕಡೆಯ ಶಿಕ್ಷಕರು ಇದನ್ನೇ ಹೆಚ್ಚು ಕೇಳುತ್ತಾರೆ. ಹತ್ತಿ ಬಿಡಿಸೋಕೆ, ಮೆಣಸಿನಕಾಯಿ ಹರಿಯೋಕೆ ಹೋಗುವವರು ಕೆಲವರು, ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವವರು ಕೆಲವರು. ವಾಪಸ್ ಬಂದಾಗ ಪಾಠ ಎಷ್ಟೋ ಮುಂದೆ ಹೋಗಿರುತ್ತದೆ. ಹಿಂದಿನ ಬೆಂಚಿನಲ್ಲಿ ಕೂತು "ನನಗ ಏನೂ ಬರಂಗಿಲ್ಲ" ಅನ್ನೋದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ.

ಒಂಬತ್ತನೇ ತರಗತಿಯ ಒಬ್ಬ ಹಾಗೇ ಬಂದಿದ್ದ. ಶಾಲೆಯ ಕಾಂಪೌಂಡ್ ಗೋಡೆ ಕಟ್ಟುತ್ತಿದ್ದರು. ಇವನು ಕಿಟಕಿಯಿಂದ ನೋಡಿ ತನ್ನಷ್ಟಕ್ಕೆ "ಗ್ವಾಡಿ ವಾಲೈತಿ" ಅಂದ. ಹೊರಗೆ ಕರೆದುಕೊಂಡು ಹೋದೆ. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ತೋರಿಸಿದ. ನಿಜವಾಗಿ ವಾಲಿತ್ತು. ಸಿಮೆಂಟು ಮರಳು ಒಂದಕ್ಕೆ ಆರು ಹಾಕಬೇಕು, ಇವರು ಮರಳು ಜಾಸ್ತಿ ಹಾಕ್ಯಾರ ಅಂತಲೂ ಹೇಳಿದ.

"ಇದೆಲ್ಲ ಹೆಂಗ ಕಲ್ತಿ ತಮ್ಮಾ?"

"ಯಾರೂ ಹೇಳಿಕೊಟ್ಟಿಲ್ರಿ. ಒಮ್ಮೆ ಕಣ್ಣಿಲೆ ನೋಡಿದ್ರ ಕೈಗೆ ಬರ್ತೈತ್ರಿ ನನಗ."

ಅದೇ ಅಲ್ವಾ ನಾವು ಹುಡುಕೋದು? ತಾನು ಹೇಗೆ ಕಲಿಯುತ್ತೇನೆ ಅಂತ ಅವನಿಗೆ ಗೊತ್ತಿತ್ತು. ಅದನ್ನು ಯಾರೂ ಕೇಳಿರಲಿಲ್ಲ, ಅಷ್ಟೇ. ಆಮೇಲೆ ಅವನಿಗೆ ಪತ್ರ ಬರೆಯೋದು ಕಲಿಸುವಾಗ ನಿಯಮ ಹೇಳಲಿಲ್ಲ. ಅವನ ಪಕ್ಕ ಕೂತು ಒಂದು ಪತ್ರ ಪೂರ್ತಿ ಬರೆದು ತೋರಿಸಿದೆ. ಅವನು ಆ ವಯಸ್ಸಿಗೆ ಆ ಕೆಲಸಕ್ಕೆ ಹೋಗಲೇಬಾರದಿತ್ತು. ಮಕ್ಕಳು ಗುಳೆ ಹೋಗದ ಹಾಗೆ ನೋಡಿಕೊಳ್ಳೋದು ನಮ್ಮೆಲ್ಲರ ಮೇಲಿನ ಸಾಲ. ಆದರೆ ಅಲ್ಲಿ ಕಲಿತದ್ದನ್ನು ಸೊನ್ನೆ ಅಂತ ಹೇಳಿದರೆ ಅವನನ್ನೇ ಸೊನ್ನೆ ಅಂದ ಹಾಗೆ.

ಹೊಗಳಿದರೆ ಸಾಕಾಗಲ್ವಾ?

"ಜಾಣ", "ವೆರಿ ಗುಡ್" ಅನ್ನೋದರಿಂದ ಮಗುವಿಗೆ ತನ್ನ ಬಗ್ಗೆ ಏನೂ ತಿಳಿಯಲ್ಲ. ಏನು ನೋಡಿದಿರೋ ಅದನ್ನು ಹೇಳಿ. "ಮೂರು ಸಲ ಹೊಡೆದು ಹಾಕಿ ನಾಲ್ಕನೇ ಸಲ ಬರೆದೆಯಲ್ಲ, ನೋಡಿದೆ ನಾನು."

ಸಿಟ್ಟು ಬಂದರೆ ಕೈ ಎತ್ತುವ ಹುಡುಗರಿಗೆ?

ಶಾಂತವಾಗಿದ್ದಾಗ ಕೂತು ಮಾತಾಡಿ, ಸಿಟ್ಟಿನಲ್ಲಿ ಅಲ್ಲ. ಸಿಟ್ಟು ಮೈಯಲ್ಲಿ ಮೊದಲು ಎಲ್ಲಿ ಬರುತ್ತದೆ ಅಂತ ಹುಡುಕಲಿ. ಒಬ್ಬನಿಗೆ ಕಿವಿ ಬಿಸಿ, ಇನ್ನೊಬ್ಬನಿಗೆ ಹಲ್ಲು ಕಚ್ಚುತ್ತದೆ. ಆ ಗುರುತು ಸಿಕ್ಕರೆ ಕೈ ಎತ್ತುವ ಮುಂಚೆ ಒಂದು ಗಳಿಗೆ ಸಿಗುತ್ತದೆ. ಆ ಗಳಿಗೆಯಲ್ಲಿ ಹೊರಗೆ ಹೋಗಿ ಮುಖ ತೊಳೆದು ಬರೋಕೆ ಅವನಿಗೆ ಮೊದಲೇ ಅನುಮತಿ ಕೊಟ್ಟಿರಿ. ಗಂಡು ಮಕ್ಕಳು ಅಳಬಾರದು ಅಂತ ಕಲಿಸಿ ಕಲಿಸಿ ಅವರ ದುಃಖವೂ ಸಿಟ್ಟಾಗಿಯೇ ಹೊರಬರೋ ಹಾಗೆ ಮಾಡಿದ್ದೇವೆ. ಇದನ್ನು ಅವರಿಗೆ ನೇರವಾಗಿಯೇ ಹೇಳಿ, ಅರ್ಥ ಆಗುತ್ತದೆ.

ಹೆಣ್ಣು ಮಕ್ಕಳ ವಿಷಯದಲ್ಲಿ ಬೇರೆ ಏನಾದರೂ ಗಮನಿಸಬೇಕಾ?

"ನಿನಗೇನು ಬೇಕವ್ವಾ?" ಅಂತ ಕೇಳಿ. "ಮನ್ಯಾಗ ಹೇಳಿದಂಗ್ರಿ" ಅನ್ನುತ್ತಾರೆ. ಊಟ, ಬಟ್ಟೆ, ಓದು, ಮದುವೆ, ಎಲ್ಲಕ್ಕೂ ಅದೇ ಉತ್ತರ. ಸಣ್ಣದರಿಂದ ಶುರು ಮಾಡಿ. ಯಾವ ಪುಸ್ತಕ ಓದ್ತೀ, ಪ್ರತಿಭಾ ಕಾರಂಜಿಯಲ್ಲಿ ಹಾಡ್ತೀಯೋ ರಂಗೋಲಿ ಹಾಕ್ತೀಯೋ, ಯಾರ ಜೊತೆ ಕೂರ್ತೀ. ಆರಿಸಿ ಆರಿಸಿ ತನ್ನ ಇಷ್ಟ ಯಾವುದು ಅಂತ ಗೊತ್ತಾಗುತ್ತದೆ. ಮುಟ್ಟಿನ ದಿನಗಳ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡಿ. ತನ್ನ ಮೈಯನ್ನೇ ನಾಚಿಕೆಯಿಂದ ನೋಡುವ ಹುಡುಗಿ ಮನಸ್ಸನ್ನು ನೇರವಾಗಿ ನೋಡೋದು ಕಷ್ಟ.

ಆದರೆ ಒಂದು ಮಾತು. ಹುಡುಗಿಗೆ ತನಗೆ ಮದುವೆ ಬೇಡ ಅಂತ ಗೊತ್ತಿದ್ದ ಮಾತ್ರಕ್ಕೆ ಮದುವೆ ನಿಲ್ಲಲ್ಲ. ಅವಳ "ಬೇಡ"ಕ್ಕೆ ದೊಡ್ಡವರ ಬಲ ಬೇಕು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ಆಗುವ ಮುಂಚೆ ಮದುವೆ ಮಾಡುವಂತಿಲ್ಲ. ಸುದ್ದಿ ಕಿವಿಗೆ ಬಿದ್ದ ದಿನವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಮೊಬೈಲ್, ರೀಲ್ಸ್?

ಬೈದರೆ ಬಚ್ಚಿಟ್ಟುಕೊಂಡು ನೋಡುತ್ತಾರೆ. ನೋಡುವ ಮುಂಚೆ ಮನಸ್ಸು ಹೇಗಿತ್ತು, ಅರ್ಧ ಗಂಟೆ ನೋಡಿದ ಮೇಲೆ ಹೇಗಿದೆ ಅಂತ ಒಂದು ವಾರ ಬರೆದಿಡೋಕೆ ಹೇಳಿ. ತೀರ್ಪು ಅವರೇ ಕೊಟ್ಟುಕೊಳ್ಳಲಿ.

ಮಗು ತೀರಾ ಗಂಭೀರವಾದದ್ದನ್ನು ಹೇಳಿಬಿಟ್ಟರೆ?

ಹೇಳಿಯೇ ಹೇಳುತ್ತಾರೆ, ಅದಕ್ಕೆ ಮೊದಲೇ ತಯಾರಿರಿ. "ಯಾರಿಗೂ ಹೇಳಬ್ಯಾಡ್ರಿ" ಅಂದಾಗ "ಹೇಳಲ್ಲ" ಅಂತ ಮಾತು ಕೊಡಬೇಡಿ. "ನಿನಗೆ ಅಪಾಯ ಇದ್ದರೆ ಸಹಾಯ ಮಾಡುವವರಿಗೆ ಹೇಳಬೇಕಾಗುತ್ತದೆ, ನಿನಗೆ ತಿಳಿಸಿಯೇ ಹೇಳ್ತೀನಿ" ಅನ್ನಿ. ಲೈಂಗಿಕ ದೌರ್ಜನ್ಯ ಆಗಿದ್ದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಶಾಲೆಯ ಹೆಸರು ಕೆಡುತ್ತದೆ ಅಂತ ಒಳಗೊಳಗೇ ಮುಗಿಸೋದು ಅಪರಾಧ.

ಜೀವ ಬೇಡ ಅನ್ನೋ ಮಾತು ಬಂದರೆ ಅದನ್ನು ನಾಟಕ ಅಂತ ತಳ್ಳಿಹಾಕಬೇಡಿ. ಮಗುವನ್ನು ಒಂಟಿ ಬಿಡಬೇಡಿ, ಮನೆಯವರನ್ನು ಕರೆಸಿ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಅಂತಲೇ ಸ್ನೇಹ ಕ್ಲಿನಿಕ್‌ಗಳಿವೆ. ನಾವು ಶಿಕ್ಷಕರು, ಡಾಕ್ಟರಲ್ಲ. ಕೈ ಹಿಡಿದು ಅಲ್ಲಿವರೆಗೆ ಮುಟ್ಟಿಸೋದು ನಮ್ಮ ಕೆಲಸ.

ಬದಲಾವಣೆ ಆಗುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ?

ಅಂಕದಲ್ಲಿ ಹುಡುಕಬೇಡಿ, ವಾಕ್ಯದಲ್ಲಿ ಹುಡುಕಿ. ಜೂನ್ ತಿಂಗಳಲ್ಲಿ "ನನಗ ಕನ್ನಡ ಬರಂಗಿಲ್ರಿ" ಅಂದವನು ನವೆಂಬರಿನಲ್ಲಿ "ಒತ್ತಕ್ಷರ ಬಂದಲ್ಲಿ ತಪ್ತೀನ್ರಿ" ಅಂದರೆ ಅವನು ಬಹಳ ದೂರ ಬಂದಿದ್ದಾನೆ. "ಅವನು ನನಗ ಸಿಟ್ಟು ಬರಿಸಿದ" ಅನ್ನುತ್ತಿದ್ದವಳು "ನನಗ ಸಿಟ್ಟು ಬಂತು" ಅಂದರೆ ಅದೂ ಹಾಗೆಯೇ. ಕೆಲವರಲ್ಲಿ ವರ್ಷ ಪೂರ್ತಿ ಏನೂ ಕಾಣಲ್ಲ. ಕಾಯಬೇಕು.

ಶಿಕ್ಷಕರಿಗೂ ಇದು ಬೇಕಾ?

ಬೇಕು. ಮಕ್ಕಳು ನಾವು ಹೇಳಿದ್ದಕ್ಕಿಂತ ನಾವು ಇರೋದನ್ನು ನೋಡುತ್ತಾರೆ. ಏಪ್ರಿಲ್ ಹತ್ತಿರ ಬಂದಿತ್ತು, ಕರೆಂಟು ಇರಲಿಲ್ಲ, ರಾತ್ರಿ ನಿದ್ದೆ ಇರಲಿಲ್ಲ. ತರಗತಿಗೆ ಹೋದವಳೇ ಹೇಳಿದೆ: "ಇವತ್ತು ನನಗೆ ತಲೆನೋವಿದೆ. ಬೇಗ ಸಿಟ್ಟು ಬರಬಹುದು. ಅದು ನಿಮ್ಮ ಮೇಲಿನ ಸಿಟ್ಟಲ್ಲ." ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಬೆಂಚಿನವಳು ಎದ್ದು ಬಿಸಿಲು ಬೀಳುತ್ತಿದ್ದ ಕಿಟಕಿ ಮುಚ್ಚಿದಳು. ಆವತ್ತಿನ ಪಾಠ ಚೆನ್ನಾಗಿಯೇ ಆಯಿತು.

ಒಂದು ವಾರ ಆಗಿರಬೇಕು. ದಿನಾ ಜಗಳ ತೆಗೆಯುವ ಹುಡುಗನೊಬ್ಬ ಬಾಗಿಲಲ್ಲೇ ನಿಂತ. ಬ್ಯಾಗು ಹೆಗಲಲ್ಲೇ ಇತ್ತು.

"ಟೀಚರ್, ಇವತ್ತ ನನಗ ಸಿಟ್ಟೈತ್ರಿ. ನಿಮ್ಮ ಮ್ಯಾಲ ಅಲ್ರಿ. ಹಿಂದ ಒಬ್ಬನ ಕುಂದರ್ಲೇನ್ರಿ?"

"ಕುಂದ್ರು ತಮ್ಮಾ" ಅಂದೆ.